ಶಿರಾಳಕೊಪ್ಪದಲ್ಲಿ ಬಸ್ಸಿಳಿದವರಿಗೆ

ವರ್ಗಾವಣೆ ಆದೇಶ ಹಿಡಿದು ಶಿವಮೊಗ್ಗದಿಂದ ಮೊದಲ ಸಲ ಈ ಕಡೆ ಬಸ್ಸು ಹತ್ತಿದವರಿಗೆ, ಇದು ಮಲೆನಾಡೋ ಬಯಲುಸೀಮೆಯೋ ಎಂಬುದು ಶಿಕಾರಿಪುರ ದಾಟಿದರೂ ಬಗೆಹರಿಯುವುದಿಲ್ಲ. ರಸ್ತೆಯ ಒಂದು ಬದಿಗೆ ಮೆಕ್ಕೆಜೋಳ, ಇನ್ನೊಂದು ಬದಿಗೆ ಅಡಿಕೆ ತೋಟ, ನಡುನಡುವೆ ಕೆರೆ, ಕೆರೆಯ ಕೆಳಗೆ ಗದ್ದೆ. ಇಲ್ಲಿಯವರು ಇದನ್ನು ಅರೆಮಲೆನಾಡು ಎನ್ನುತ್ತಾರೆ. ಶಾಲೆಗೆ ಬಂದ ಮೇಷ್ಟ್ರು, ಬ್ಯಾಂಕಿಗೆ ಬಂದ ಗುಮಾಸ್ತೆ, ತಾಲ್ಲೂಕು ಆಸ್ಪತ್ರೆಗೆ ಬಂದ ನರ್ಸು, ಶುಂಠಿ ಬೆಳೆಯಲು ಗದ್ದೆ ಗುತ್ತಿಗೆ ಹಿಡಿಯಲು ಕೇರಳದಿಂದ ಬಂದವರು, ಇವರೆಲ್ಲರೂ ಮೊದಲು ತೀರ್ಮಾನಿಸಬೇಕಾದದ್ದು ಮನೆ ಎಲ್ಲಿ ಮಾಡುವುದು ಎಂದು.

ಮೂರು ಪೇಟೆಗಳಿವೆ, ಮೂರರ ಜಾಯಮಾನವೂ ಬೇರೆ. ಶಿಕಾರಿಪುರ ಕುಮುದ್ವತಿ ಹೊಳೆಯ ಸೀಮೆಯ ಊರು. ಹುಚ್ಚರಾಯಸ್ವಾಮಿ ಗುಡಿ, ಅದೇ ಹೆಸರಿನ ಕೆರೆ, ಕಚೇರಿಗಳು, ಕಾಲೇಜುಗಳು. ಮಾತಿನಲ್ಲಿ ಹಾವೇರಿ ಕಡೆಯ ‘ರೀ’ ಧಾರಾಳವಾಗಿ ಕೇಳುತ್ತದೆ. ಶಿರಾಳಕೊಪ್ಪ ವ್ಯಾಪಾರದ ಊರು. ಅಂಗಡಿ ಸಾಲಿನಲ್ಲಿ ಕನ್ನಡವೂ ಉರ್ದುವೂ ಒಂದೇ ಉಸಿರಿನಲ್ಲಿ ಓಡಾಡುತ್ತವೆ, ಸುತ್ತಲ ತಾಂಡಾಗಳಿಂದ ಬಂದವರ ಲಂಬಾಣಿ ಮಾತೂ ಸೇರಿಕೊಳ್ಳುತ್ತದೆ. ಸೊರಬಕ್ಕೆ ಹೋದರೆ ದಂಡಾವತಿ ಹೊಳೆ, ಕಾನು, ಹೆಂಚಿನ ಮನೆ, ಗುಡಿಗಾರರ ಗಂಧದ ಕೆತ್ತನೆ. ಮಳೆಯೂ ಹೆಚ್ಚು. ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ ಮಾಡಿಕೊಂಡವರು ಬೇಕಾದಷ್ಟಿದ್ದಾರೆ. ಹಾಗೆ ಮಾಡುವವರು ಸಂಜೆಯ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಮೊದಲೇ ಕೇಳಿಕೊಂಡಿರಲಿ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ರೈಲು ಮಾರ್ಗದ ಕೆಲಸ ಶುರುವಾಗಿದ್ದರೂ ಸದ್ಯಕ್ಕೆ ರೈಲೆಂದರೆ ಶಿವಮೊಗ್ಗ ಅಥವಾ ಸಾಗರ. ದೊಡ್ಡ ಕಾಯಿಲೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಶಿಕಾರಿಪುರದಿಂದಲೇ ಐವತ್ತು ಕಿಲೋಮೀಟರು ಮೀರಿದ ದಾರಿ, ಸೊರಬದಿಂದ ಇನ್ನೂ ದೂರ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದವರು ಈ ಲೆಕ್ಕವನ್ನು ಬಾಡಿಗೆಯ ಲೆಕ್ಕಕ್ಕಿಂತ ಮುಂಚೆ ಹಾಕಬೇಕು.

ಬಾಡಿಗೆ ಮನೆಗೆ ಬೋರ್ಡು ಹುಡುಕಿಕೊಂಡು ಬೀದಿ ಅಲೆದು ಪ್ರಯೋಜನವಿಲ್ಲ. ಕಿರಾಣಿ ಅಂಗಡಿ, ಹಾಲಿನ ಡೈರಿ, ಹಿಟ್ಟಿನ ಗಿರಣಿ, ಈ ಮೂರು ಕಡೆ ಹೇಳಿಟ್ಟರೆ ಮನೆ ತಾನಾಗಿ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಮನೆ ನೋಡಿದವರಿಗೆ ಎಲ್ಲ ಮನೆಯೂ ಚೆಂದ. ಕೇಳಬೇಕಾದದ್ದು ಮಳೆಗಾಲದ ಪ್ರಶ್ನೆಗಳು: ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ, ಹೆಂಚು ಕೈಯಾಡಿಸಿದ್ದಾರೆಯೇ, ಬಟ್ಟೆ ಒಣಗಿಸಲು ಸೂರಿನಡಿ ಜಾಗ ಇದೆಯೇ, ಕರೆಂಟು ಹೋದಾಗ ನೀರೆತ್ತಲು ಬಾವಿ ಉಂಟೇ.

ಮನೆ ಹೊಕ್ಕ ಮೇಲೆ ಪಕ್ಕದ ಮನೆಯವರ ಪ್ರಶ್ನೆಗಳು ಶುರುವಾಗುತ್ತವೆ. “ಯಾವೂರಾತ್ರೀ ನಿಮ್ದು?” ಅದಕ್ಕೆ ಉತ್ತರ ಬಂತೋ, “ಇಲ್ಲಿ ಯಾರ ಪೈಕಿ?” ದೊಡ್ಡ ನಗರದಿಂದ ಬಂದವರಿಗೆ ಇದು ವಿಚಾರಣೆಯ ಹಾಗೆ ಕೇಳಿಸಿ ಮುಖ ಬಿಗಿಯುತ್ತದೆ. ಬಿಗಿಯಬೇಕಾಗಿಲ್ಲ. ಕೇಳುವವರು ಹುಡುಕುತ್ತಿರುವುದು ಒಂದು ಎಳೆ: ಆ ಊರಿಗೆ ಕೊಟ್ಟ ಮಗಳು, ಆ ಊರಿನಿಂದ ತಂದ ಹೋರಿ, ಅಲ್ಲಿ ಕೆಲಸಕ್ಕಿದ್ದ ಅಣ್ಣ, ಏನಾದರೊಂದು. ಎಳೆ ಸಿಕ್ಕಿದರೆ ಮಾತು ಜಗಲಿಯಿಂದ ಅಡುಗೆಮನೆಗೆ ಹೋಗುತ್ತದೆ. ಸಿಗದಿದ್ದರೂ ಅಡ್ಡಿಯಿಲ್ಲ, ಹೊಸ ಎಳೆ ಹೊಸೆದುಕೊಳ್ಳುತ್ತಾರೆ. ಜಾತಿ ತಿಳಿಯುವ ಆಸೆಯೂ ಕೆಲವರ ಪ್ರಶ್ನೆಯೊಳಗೆ ಇರುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಾಡಿಗೆ ಮನೆಯ ಬಾಗಿಲಲ್ಲಿ ಅದು ನೋಯಿಸಿದ್ದೂ ಉಂಟು. ಅದು ಊರು ತಿದ್ದಿಕೊಳ್ಳಲೇಬೇಕಾದ ತಪ್ಪು. ಅದರ ಹೊಣೆಯನ್ನು ಹೊಸಬರ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾಗೆ ನೋಡಿದರೆ, ಹೊರಗಿನಿಂದ ಬಂದವರನ್ನು ಹೇಗೆ ಕಾಣಬೇಕು ಎಂಬುದಕ್ಕೆ ಈ ಸೀಮೆಯಲ್ಲಿ ಕಲ್ಲಿನ ಮೇಲೆ ಬರೆದ ಸಾಕ್ಷಿಯಿದೆ. ಶಿರಾಳಕೊಪ್ಪದಿಂದ ಸ್ವಲ್ಪ ದೂರದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠವಿತ್ತು. ಕಾಳಾಮುಖ ಶೈವರ ಮಠ. ಅದನ್ನು ವರ್ಣಿಸುವ 1162ರ ಶಾಸನ ಅಲ್ಲಿ ಕಲಿಸುತ್ತಿದ್ದ ವೇದ, ವ್ಯಾಕರಣ, ದರ್ಶನಗಳನ್ನು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಬಾರಿಸುವವರಿಗೆ, ನಾನಾ ದೇಶಗಳ ಭಿಕ್ಷುಕರಿಗೆ, ಜೈನ ಬೌದ್ಧ ಸನ್ಯಾಸಿಗಳಿಗೂ ಅಲ್ಲಿ ಅನ್ನವಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಮದ್ದಿತ್ತು ಎಂದು ಪಟ್ಟಿ ಕೊಡುತ್ತದೆ. ಶೈವ ಮಠವೊಂದು ಜೈನ ಸನ್ಯಾಸಿಗೆ ಎಲೆ ಹಾಕಿದ್ದನ್ನು ಹೆಮ್ಮೆಯಿಂದ ಕಲ್ಲಿಗೆ ಕೆತ್ತಿಸಿದ ಊರು ಇದು. ಬಾಡಿಗೆಗೆ ಬಂದವರ ಕುಲ ಕೇಳುವ ಮೊದಲು ಮನೆಯ ಮಾಲೀಕರು ಒಮ್ಮೆ ಬಳ್ಳಿಗಾವಿಗೆ ಹೋಗಿ ಬಂದರೆ ಒಳ್ಳೆಯದು.

ಅಲ್ಲಿಂದ ತಾಳಗುಂದ ಬಹಳ ಹತ್ತಿರ. ಶಾಸನಗಳ ಕಾಲದಲ್ಲಿ ಸ್ಥಾನಕುಂದೂರು. ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ 32 ಬ್ರಾಹ್ಮಣ ಕುಟುಂಬಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದ ಎಂದು ಇಲ್ಲಿನ ಒಂದು ಶಾಸನ ಹೇಳುತ್ತದೆ. ಅದು ಐತಿಹ್ಯ, ಚರಿತ್ರೆಯೆಂದು ಪ್ರಮಾಣ ಮಾಡಲಾಗದು. ಆದರೂ ತಾವು ಬೇರೆ ಕಡೆಯಿಂದ ಬಂದವರು ಎಂದು ಒಂದು ಊರಿನ ಪಂಡಿತರು ಶತಮಾನಗಳ ಕಾಲ ಹೇಳಿಕೊಂಡು ಬಂದರು ಎಂಬುದು ಸಣ್ಣ ಸಂಗತಿಯಲ್ಲ.

ಅದೇ ಊರಿನಿಂದ ಹೊರಟು ಹೊಸ ನಗರದಲ್ಲಿ ನೆಲೆ ಕಾಣದೆ ಹೋದವನ ಕಥೆಯೂ ಅಲ್ಲೇ ನಿಂತಿದೆ, ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ ಅದು. ಮಯೂರಶರ್ಮ ಗುರು ವೀರಶರ್ಮರ ಜೊತೆ ಓದಲೆಂದು ಪಲ್ಲವರ ಕಂಚಿಯ ಘಟಿಕಾಸ್ಥಾನಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರರೊಂದಿಗೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಶ್ರೀಪರ್ವತದ ಕಾಡು ಸೇರಿ ಕಾದಾಡಿದ. ಕೊನೆಗೆ ಪಲ್ಲವರೇ ಅವನ ನೆಲವನ್ನು ಒಪ್ಪಿಕೊಳ್ಳಬೇಕಾಯಿತು. ಕದಂಬ ರಾಜ್ಯ ಹುಟ್ಟಿದ ಬಗೆ ಎಂದು ಶಾಲೆಯಲ್ಲಿ ಇದನ್ನು ಓದಿಸುತ್ತಾರೆ. ದೂರದ ಊರಿಗೆ ಓದಲು ಬಂದ ಹುಡುಗನನ್ನು ಒಂದು ನಗರ ಹೇಗೆ ನಡೆಸಿಕೊಂಡಿತು ಎಂದೂ ಇದನ್ನು ಓದಬಹುದು, ಓದಬೇಕು. ಈ ಭಾಗದ ಶಾಲೆಗಳಿಗೆ ಹೊಸದಾಗಿ ಬಂದ ಮೇಷ್ಟ್ರುಗಳಿಗೆ ಒಂದು ಸಲಹೆ: ಮೊದಲ ವರ್ಷವೇ ಮಕ್ಕಳನ್ನು ತಾಳಗುಂದಕ್ಕೆ ಕರೆದೊಯ್ಯಿರಿ. ತಲೆಯ ಮೇಲೆ ಪೆಟ್ಟಿಗೆಯಿಟ್ಟಂತಿರುವ ಆ ಅಕ್ಷರಗಳನ್ನು ತೋರಿಸಿ. 2013ರ ಉತ್ಖನನದಲ್ಲಿ ಇಲ್ಲೇ ಸಿಕ್ಕ ಸಿಂಹಕಟಾಂಜನ ಶಾಸನದ ವಿಷಯ ಹೇಳಿ. ಅದರ ಕಾಲ ಕ್ರಿ.ಶ. 370 ಎಂದೂ, ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂದೂ ಪುರಾತತ್ವ ಇಲಾಖೆಯವರು ಹೇಳಿದ್ದಾರೆ. ಊರಿನ ಮಕ್ಕಳಿಗೆ ಅವರ ಊರನ್ನೇ ತೋರಿಸಿಕೊಟ್ಟ ಹೊಸಬರನ್ನು ಊರು ಬೇಗ ತನ್ನವರೆನ್ನುತ್ತದೆ.

ಬಂದವರು ನೆಲೆ ನಿಂತ ಇತ್ತೀಚಿನ ನಿದರ್ಶನ ಎಲ್ಲರಿಗೂ ಗೊತ್ತಿರುವಂಥದೇ. 1965ರಲ್ಲಿ ಮಂಡ್ಯ ಜಿಲ್ಲೆಯ ಬೂಕನಕೆರೆಯ ಯುವಕ ಬಿ.ಎಸ್. ಯಡಿಯೂರಪ್ಪ ಸಮಾಜ ಕಲ್ಯಾಣ ಇಲಾಖೆಯ ಗುಮಾಸ್ತೆ ಕೆಲಸ ಬಿಟ್ಟು ಶಿಕಾರಿಪುರಕ್ಕೆ ಬಂದು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿಕೊಂಡರು. 1967ರಲ್ಲಿ ಗಿರಣಿ ಮಾಲೀಕರ ಮಗಳನ್ನೇ ಮದುವೆಯಾದರು. 1975ರಲ್ಲಿ ಪುರಸಭೆಗೆ ಆಯ್ಕೆಯಾದರು, 1983ರಲ್ಲಿ ವಿಧಾನಸಭೆಗೆ. ಅವರ ರಾಜಕಾರಣದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಇಲ್ಲಿ ಗಮನಿಸಬೇಕಾದದ್ದು ಬೇರೆ. ನೆಂಟರಿಲ್ಲದ ಊರಿಗೆ ಬಂದ ಗುಮಾಸ್ತೆ ಹತ್ತು ವರ್ಷದಲ್ಲಿ ಆ ಊರಿನ ಪುರಸಭೆಯಲ್ಲಿ ಕೂತಿದ್ದು. ರೈತರು ಭತ್ತ ತಂದು ಸುರಿಯುವ ಗಿರಣಿಯಲ್ಲಿ ಕೂತವನಿಗೆ ಸುತ್ತಿನ ಹಳ್ಳಿಗಳೆಲ್ಲ ಪರಿಚಯವಾಗುತ್ತವೆ. ಕಚೇರಿ ಮುಗಿಸಿ ಶುಕ್ರವಾರವೇ ಊರಿಗೆ ಓಡುವವರಿಗೆ ಇಪ್ಪತ್ತು ವರ್ಷವಾದರೂ ಆಗುವುದಿಲ್ಲ.

ಹಾಗಾಗಿ ಸಂತೆಗೆ ಹೋಗಬೇಕು. ಸಂತೆಯಲ್ಲಿ ಏನು ಬಂದಿದೆಯೋ ಅದೇ ಈ ಸೀಮೆಯ ಪಂಚಾಂಗ. ಕಬ್ಬು ಕಡಿಯುವ ಕಾಲಕ್ಕೆ ಸೊರಬದ ಕಡೆ ಆಲೆಮನೆಗಳಿಂದ ಜೋನಿಬೆಲ್ಲ ಬರುತ್ತದೆ, ಬೇಸಿಗೆಯಲ್ಲಿ ಅಪ್ಪೆಮಿಡಿ. ಮಿಡಿ ಆರಿಸುವುದು ಬಾರದ ಹೊಸ ಗೃಹಿಣಿ ಪಕ್ಕದ ಮನೆಯ ಅಕ್ಕನನ್ನು ಕರೆದುಕೊಂಡು ಹೋದರೆ ಉಪ್ಪಿನಕಾಯಿಯ ಜೊತೆಗೆ ಬಳಕೆಯೂ ಆಗುತ್ತದೆ. ಮಳೆಗಾಲದಲ್ಲಿ ಜೋರು ಮಳೆ ಹಿಡಿದಾಗ ಅಂಜನಾಪುರ ಜಲಾಶಯ ಕೋಡಿ ಬಿತ್ತು ಎಂಬ ಸುದ್ದಿ ಬರುತ್ತದೆ. ಶಿಕಾರಿಪುರದವರು ಮನೆಮಂದಿಯೊಡನೆ ನೋಡಲು ಹೊರಡುತ್ತಾರೆ, ಜೊತೆಗೆ ಹೊರಡಬೇಕು. ಅದೇ ಕಾಲಕ್ಕೆ ಸೊರಬದ ಗುಡವಿ ಕೆರೆಯಲ್ಲಿ ವಲಸೆ ಹಕ್ಕಿಗಳು ಗೂಡು ಕಟ್ಟುತ್ತಿರುತ್ತವೆ.

ಕಾಡಿನ ವಿಷಯಕ್ಕೆ ಬಂದರೆ ಮಾತ್ರ ಹೊಸಬರು ನಿಧಾನಿಸಬೇಕು. ಸೊರಬದ ಕಾನುಗಳು ಹಳೆಯವು. ಕಾಳುಮೆಣಸು, ಬೈನೆ, ದೇವರ ಬನಗಳ ಕಾಡುಗಳು. ಅವುಗಳ ಮೇಲೆ 1868ರಲ್ಲೇ ಬ್ರಿಟಿಷ್ ಅಧಿಕಾರಿಗಳು ವರದಿ ಬರೆದಿದ್ದಾರೆ. ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತವು, ಬೆನ್ನಿಗೇ ಜನರಿಗೂ ಜ್ವರ ಬಂತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಪತ್ತೆಹಚ್ಚಿದ ಆ ವೈರಾಣುವಿಗೆ ಜಗತ್ತಿನಾದ್ಯಂತ ಕ್ಯಾಸನೂರು ಎಂದೇ ಹೆಸರು. ಇಲ್ಲಿಯವರ ಬಾಯಲ್ಲಿ ಮಂಗನಕಾಯಿಲೆ. ಹರಡುವುದು ಉಣುಗಿನಿಂದ, ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ತರಗೆಲೆಯಲ್ಲಿ ಮಕ್ಕಳನ್ನು ಆಡಲು ಬಿಡಬಾರದು. ಕಾಡಿಗೆ ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಹಚ್ಚಿಕೊಳ್ಳಬೇಕು, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಬೇಕು. ಎಷ್ಟೋ ಕುಟುಂಬಗಳು ತಡ ಮಾಡಿ ಮನೆಯವರನ್ನು ಕಳೆದುಕೊಂಡಿವೆ.

ಇನ್ನು ದೀಪಾವಳಿ. ಬೇರೆ ಕಡೆಯಿಂದ ಬಂದವರು ಹಬ್ಬಕ್ಕೆ ತಮ್ಮೂರಿಗೆ ಹೋಗುವುದು ಸಹಜ. ಆದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹಬ್ಬ ಪಾಡ್ಯಕ್ಕೆ ಮುಗಿಯುವುದಿಲ್ಲ. ಆಮೇಲೆ ಊರಿಂದೂರಿಗೆ ಹೋರಿ ಬೆದರಿಸುವ ಹಬ್ಬ ವಾರಗಟ್ಟಲೆ ನಡೆಯುತ್ತದೆ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿಗಳು ಜನರ ನಡುವೆ ನುಗ್ಗುತ್ತವೆ, ಹುಡುಗರು ಹಾರಕ್ಕೆ ಕೈಹಾಕಿ ಜೋತುಬೀಳುತ್ತಾರೆ. ನೋಡಲು ನಿಂತವರು ತಿವಿತಕ್ಕೆ ಸಿಕ್ಕಿ ಜೀವ ಕಳೆದುಕೊಂಡದ್ದಿದೆ. ದಾರಿಯಂಚಿನಲ್ಲಿ ಮೊಬೈಲು ಹಿಡಿದು ನಿಲ್ಲಬಾರದು; ಪರಿಚಯದವರ ಮನೆಯ ಮಾಳಿಗೆ ಹತ್ತಿ ನೋಡಬೇಕು. ಪರಿಚಯದವರು ಅಷ್ಟು ಹೊತ್ತಿಗೆ ಆಗಿರುತ್ತಾರೆ. ಹೋರಿ ಹಾಯ್ದು ಹೋದ ಮೇಲೆ ಅವರು ಊಟಕ್ಕೆ ಏಳಿ ಎನ್ನುತ್ತಾರೆ, ಬೇಡವೆನ್ನಬಾರದು. ಊರಿಗೆ ಹೋಗುವ ರಜೆಯನ್ನು ಆ ಒಂದು ವರ್ಷದ ಮಟ್ಟಿಗೆ ಸಂಕ್ರಾಂತಿಗೆ ಇಟ್ಟುಕೊಳ್ಳಬಹುದು.