ಬಲಗಡೆ ಖಾಲಿ ಬಿಟ್ಟ ಸಂಧಿ

ವಿಲ್ಮಿಂಗ್ಟನ್, ಡೆಲವೇರ್

ಪ್ರೀತಿಯ ಅಣ್ಣ,

ಮೊನ್ನೆ ಮಗಳು ವಿಂಟರ್‌ಥರ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದಳು. ಡ್ಯುಪಾಂಟ್ ಮನೆತನದವರ ದೊಡ್ಡ ಬಂಗಲೆ ಅದು. ಕುರ್ಚಿ, ಬೀರು, ಪಿಂಗಾಣಿ ನೋಡಿ ನೋಡಿ ಕಾಲು ಸೋತು ಹೋಯಿತು. ಅದಿರಲಿ, ನಿನಗೆ ಹೇಳಬೇಕಾದದ್ದು ಅಲ್ಲಿನ ಒಂದು ಚಿತ್ರದ ವಿಷಯ.

ಬರೆದವನು ಬೆಂಜಮಿನ್ ವೆಸ್ಟ್. ಅಮೆರಿಕ, ಬ್ರಿಟನ್ ಎರಡೂ ಯುದ್ಧ ಸಾಕುಮಾಡಿ 1782ರ ನವೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ಮಾಡಿಕೊಂಡ ಪ್ರಾಥಮಿಕ ಒಪ್ಪಂದದ ಚಿತ್ರ. ಜಾನ್ ಜೇ, ಜಾನ್ ಆಡಮ್ಸ್, ನಡುವೆ ಬೆಂಜಮಿನ್ ಫ್ರಾಂಕ್ಲಿನ್, ಹೆನ್ರಿ ಲಾರೆನ್ಸ್, ಕಾರ್ಯದರ್ಶಿಯಾಗಿದ್ದ ಫ್ರಾಂಕ್ಲಿನ್‌ನ ಮೊಮ್ಮಗ, ಹೀಗೆ ಐವರು ಅಮೆರಿಕನ್ನರು ಒತ್ತೊತ್ತಾಗಿ ಸೇರಿದ್ದಾರೆ. ಅವರಿಂದಾಚೆ ಬಲಗಡೆ ಯಾರೂ ಇಲ್ಲ. ಹತ್ತಿರ ಹೋಗಿ ನೋಡಿದರೆ ಕುಂಚ ಎಳೆದಾಡಿದ ಕಂದು ಬಣ್ಣ, ಅಷ್ಟೆ. ಬ್ರಿಟಿಷರು ಬರಬೇಕಾಗಿದ್ದ ಜಾಗ ಅದು.

ಬ್ರಿಟನ್ ಪರವಾಗಿ ಮಾತುಕತೆ ನಡೆಸಿದ ರಿಚರ್ಡ್ ಆಸ್ವಾಲ್ಡ್ 1784ರಲ್ಲಿ ತೀರಿಕೊಂಡ. ಅವನು ಒಂದು ಕಣ್ಣಿನ ಕುರೂಪಿ, ತನ್ನದೊಂದು ಭಾವಚಿತ್ರವನ್ನೂ ಬಿಟ್ಟುಹೋಗಲಿಲ್ಲ ಎಂದು ವೆಸ್ಟ್ 1817ರಲ್ಲಿ ಆಡಮ್ಸ್‌ನ ಮಗನಿಗೆ ಹೇಳಿದನಂತೆ. ನನಗೇನೋ ಈ ಸಬೂಬು ಪೂರ್ತಿ ಒಪ್ಪಿಗೆಯಾಗಲಿಲ್ಲ. ಫ್ರಾಂಕ್ಲಿನ್ ಕೂಡ ಎದುರಿಗೆ ಬಂದು ಕೂತವನಲ್ಲ. ಬೇರೊಬ್ಬರು ಬರೆದ ಚಿತ್ರ ನೋಡಿ ಅವನ ಮುಖ ಬರೆದದ್ದು. ಆಸ್ವಾಲ್ಡ್‌ನ ಕಾರ್ಯದರ್ಶಿ ವೈಟ್‌ಫೋರ್ಡ್ ಆಮೇಲೂ ಎಷ್ಟೋ ವರ್ಷ ಬದುಕಿದ್ದ, ಅವನನ್ನಾದರೂ ಕೂರಿಸಬಹುದಿತ್ತಲ್ಲ? ವೆಸ್ಟ್ ಹುಟ್ಟಿದ್ದು ಇಲ್ಲೇ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ, ಆದರೆ ಅವನಿಗೆ ಅನ್ನ ಹಾಕುತ್ತಿದ್ದವನು ಲಂಡನ್ನಿನ ಮೂರನೇ ಜಾರ್ಜ್. ದೊರೆಯ ಉಪ್ಪು ತಿಂದು ದೊರೆ ಸೋತದ್ದನ್ನು ಬರೆಯುವುದಕ್ಕೆ ಕೈ ಬರಲಿಲ್ಲವೆಂದೇ ನನ್ನ ಊಹೆ.

ಲಾರೆನ್ಸ್ ಕತೆ ಇನ್ನೂ ವಿಚಿತ್ರ. 1780ರಲ್ಲಿ ಹಡಗಿನಲ್ಲಿ ಹೋಗುತ್ತಿದ್ದವನನ್ನು ಬ್ರಿಟಿಷರು ಹಿಡಿದು ಲಂಡನ್ ಟವರ್‌ನಲ್ಲಿ ಕೂಡಿಹಾಕಿದರು. ಅವನಿಗೆ ಜಾಮೀನು ನಿಂತವನು ಯಾರು ಗೊತ್ತೇ? ಇದೇ ಆಸ್ವಾಲ್ಡ್! ಇಬ್ಬರೂ ಗುಲಾಮರ ವ್ಯಾಪಾರದಲ್ಲಿ ಹಳೆಯ ಪಾಲುದಾರರು. ಒಪ್ಪಂದದ ಕೊನೆಗಳಿಗೆಯಲ್ಲಿ ಬಂದ ಲಾರೆನ್ಸ್, ಬ್ರಿಟಿಷ್ ಸೈನ್ಯ ವಾಪಸಾಗುವಾಗ ನೀಗ್ರೋಗಳನ್ನಾಗಲಿ ಬೇರೆ ಆಸ್ತಿಯನ್ನಾಗಲಿ ಒಯ್ಯಕೂಡದು ಎಂಬ ಮಾತು ಸೇರಿಸಿದ. ಎದುರಿಗಿದ್ದ ಆಸ್ವಾಲ್ಡ್ ಹೂಂ ಅಂದ. ಶತ್ರುಗಳು ಒಂದಾದದ್ದು ಹೌದು, ಯಾರ ಖರ್ಚಿನಲ್ಲಿ ಅಂತ ಕೇಳಬೇಡ. ಆ ಜನರಿಗಾಗಿ ವೆಸ್ಟ್ ಜಾಗವನ್ನೇ ಇಟ್ಟಿರಲಿಲ್ಲ.

ಇನ್ನೊಂದು ಸಂಗತಿ ನಿನಗಾಗಿಯೇ ಇಟ್ಟುಕೊಂಡಿದ್ದೆ. ಲಾರೆನ್ಸ್‌ನ ಬಿಡುಗಡೆಗೆ ಬದಲಾಗಿ ಅಮೆರಿಕನ್ನರು ಬಿಟ್ಟುಕೊಟ್ಟದ್ದು ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದ ಕಾರ್ನ್‌ವಾಲಿಸ್‌ನನ್ನು. ಹೌದು, ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ 1792ರಲ್ಲಿ ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಗಿ ಪಡೆದನಲ್ಲ, ಅವನೇ. ಸೈನ್ಯದ ಜೊತೆಯಲ್ಲೇ ಬಂದಿದ್ದ ರಾಬರ್ಟ್ ಹೋಮ್ ಆ ಸಂದರ್ಭವನ್ನು ದೊಡ್ಡ ಚಿತ್ರವಾಗಿಯೇ ಬರೆದ. ಅಲ್ಲಿ ಬ್ರಿಟಿಷರು ಮುಖ ತೋರಿಸಲು ಹಿಂದೆಮುಂದೆ ನೋಡಲಿಲ್ಲ. ಅಧಿಕಾರಿಗಳು ಕಿಕ್ಕಿರಿದು ನಿಂತಿದ್ದಾರೆ. ನಿನ್ನ ಕಪಾಟಿನಲ್ಲಿರುವ ಟಿಪ್ಪುವಿನ ಪುಸ್ತಕಗಳಲ್ಲಿ ಎಲ್ಲಾದರೂ ಆ ಚಿತ್ರ ಇದ್ದೇ ಇರುತ್ತದೆ, ತೆಗೆದು ನೋಡು. ಆ ಹುಡುಗರ ಮುಖ ಹೇಗಿದೆ ಅಂತ ನನಗೆ ಬರೆ.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ