ಡಾಕ್ಟರ ಫೋನು ನನ್ನ ಜೇಬಿನಲ್ಲಿ

ನಾನು ವಡಾಲದ ಎನ್.ಕೆ.ಇ.ಎಸ್. ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳು. ಆಪರೇಶನ್ ಥಿಯೇಟರಿನಲ್ಲಿ ನರ್ಸಾಗಿ ಇಪ್ಪತ್ತೆರಡು ವರ್ಷ ಕಳೆದರೂ, ಬಾಯಲ್ಲಿ ‘ಸೆವೆನ್, ಏಟ್’ ಅನ್ನುವಾಗ ತಲೆಯೊಳಗೆ ಏಳು, ಎಂಟು ಎಂದೇ ಓಡುತ್ತದೆ. ಆ ಎಣಿಕೆ ಒಂದು ದಿನ ತಪ್ಪಿತು.

ಥಿಯೇಟರಿನಲ್ಲಿ ನಾವು ಇಬ್ಬರು ಸಿಸ್ಟರ್. ಗೌನು ತೊಟ್ಟು ಡಾಕ್ಟರ ಪಕ್ಕ ನಿಂತು ಸಾಮಾನು ಕೊಡುವವರು ಒಬ್ಬರು, ಓಡಾಟದ ಕೆಲಸಕ್ಕೆ ಇನ್ನೊಬ್ಬರು. ಆ ದಿನ ಓಡಾಟ ನನ್ನದು. ಓಡಾಟದವಳೆಂದರೆ ಡಾಕ್ಟರ ಮೊಬೈಲಿಗೆ ಸೆಕ್ರೆಟರಿಯೂ ಹೌದು. ಅವರು ಗ್ಲೌಸ್ ಹಾಕಿದ ಕೈಯಿಂದ ಏನನ್ನೂ ಮುಟ್ಟುವಂತಿಲ್ಲ. ಫೋನ್ ಬಂದರೆ ನಾವೇ ಅವರ ಕಿವಿಗೆ ಹಿಡಿಯಬೇಕು.

ಕರುಳಿನ ಆಪರೇಶನ್. ಹೊಟ್ಟೆ ಮುಚ್ಚುವ ಮೊದಲು ಮಾಪ್ ಎಣಿಸಬೇಕು. ಮಾಪ್ ಎಂದರೆ ರಕ್ತ ಹೀರುವ ಬಟ್ಟೆ. ನೆನೆದು ಮುದ್ದೆಯಾದರೆ ಅದ್ಯಾವುದು, ಕರುಳ್ಯಾವುದು ಎಂದು ತಿಳಿಯುವುದೇ ಕಷ್ಟ. ಐದೈದರ ಮೂರು ಕಟ್ಟು ಬಿಚ್ಚಿದ್ದೆವು, ಹದಿನೈದು ಬರಬೇಕು. ಎಂಟಕ್ಕೆ ಬಂದಿದ್ದೆ, ಜೇಬಿನಲ್ಲಿ ಫೋನು. ಡಾಕ್ಟರ ಸೊಸೈಟಿಯವರು: ಮನೆಯ ಇನ್ನೊಂದು ಕಾರು ಗೇಟಿಗೆ ಅಡ್ಡ ನಿಂತಿದೆಯಂತೆ. ಅರ್ಧ ನಿಮಿಷದ ಮಾತು. ಮತ್ತೆ ಎಣಿಸಲು ಬಂದಾಗ ಒಂಬತ್ತು ಆಗಿದೆ ಎಂದುಕೊಂಡು ಹತ್ತರಿಂದ ಹಿಡಿದೆ. ಹದಿನೈದಕ್ಕೆ ಮುಗಿಯಿತು. ‘ಕರೆಕ್ಟ್’ ಅಂದೆ. ಡಾಕ್ಟರು ಸೂಜಿ ಕೇಳಿದರು. ಕೈಗೆ ಕೊಟ್ಟ ಮೇಲೂ ಇನ್ನೊಮ್ಮೆ ಕೇಳಿದರು. ಅವರ ತಲೆಯೂ ಆ ಗೇಟಿನ ಹತ್ತಿರವೇ ಇತ್ತೇನೋ.

ಪಕ್ಕದ ಮಲಯಾಳಿ ಸಿಸ್ಟರ್ ಒಪ್ಪಲಿಲ್ಲ. ‘ಫಿರ್ ಸೆ ಗಿನೋ’ ಅಂದರು. ಹದಿನಾಲ್ಕು. ಮತ್ತೆ ಎಣಿಸಿದರೂ ಹದಿನಾಲ್ಕೇ. ಹುಡುಕಿದಾಗ ಲಿವರಿನ ಹಿಂದೆ ಸಿಕ್ಕಿತು. ರೋಗಿಗೆ ಇಪ್ಪತ್ತು ನಿಮಿಷ ಹೆಚ್ಚಿನ ಅನಸ್ತೇಶಿಯಾ. ಹೊರಗೆ ಅವರ ಹೆಂಡತಿ ಕಾಯುತ್ತಿದ್ದರು, ಕುಂದಾಪುರದ ಕಡೆಯವರು. ‘ಎಂತಕ್ಕೆ ಅಕ್ಕ, ಇಷ್ಟೊತ್ತಾಯ್ತ್?’ ಎಂದರು. ‘ಹೊಲಿಗೆ ಸ್ವಲ್ಪ ಜಾಸ್ತಿ ಇತ್ತಮ್ಮ’ ಎಂದೆ. ಅವರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಎಣಿಕೆ ತಪ್ಪಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಆಮೇಲೆ ಈ ವಿಷಯ ಓದತೊಡಗಿದೆ. ಅಮೆರಿಕದಲ್ಲಿ 1981ರಿಂದಲೇ ಪ್ರಯಾಣಿಕರ ವಿಮಾನ 10,000 ಅಡಿಗಿಂತ ಕೆಳಗೆ ಏರುವಾಗ, ಇಳಿಯುವಾಗ ಪೈಲಟ್‌ಗಳು ಕೆಲಸಕ್ಕೆ ಬೇಡದ ಮಾತಾಡುವಂತಿಲ್ಲ. ಕೆಲಸ ತಲೆಗೆ ಎಷ್ಟು ಭಾರ ಎಂದು ತಿಳಿಯಲು ನಾಸಾದವರು ಮಾಡಿದ ಆರು ಪ್ರಶ್ನೆಗಳ ಹಾಳೆಯನ್ನು ಈಗ ಸರ್ಜನ್‌ಗಳಿಗೂ ಕೊಟ್ಟು ಕೇಳುತ್ತಾರೆ. ಕೇಳಲೇಬೇಕು, ಏಕೆಂದರೆ ನೋಡಿದರೆ ತಿಳಿಯುವುದಿಲ್ಲ. ಕೈ ನಡುಗುವುದಿಲ್ಲ, ಹೊಲಿಗೆ ನೆಟ್ಟಗೇ ಬೀಳುತ್ತದೆ; ಒಳಗೆ ಮಾತ್ರ ಎರಡು ಕಡೆ ಗಮನ ಇಟ್ಟು ತಲೆ ದಣಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ ಮಾಪ್, ಸೂಜಿ, ಸಾಮಾನುಗಳ ಲೆಕ್ಕ ಸರಿಯಿದೆಯೆಂದು ಬಾಯಿಬಿಟ್ಟು ಹೇಳಬೇಕೆಂದಿದೆ. ನಾನೂ ಹೇಳಿದ್ದೆನಲ್ಲ, ‘ಕರೆಕ್ಟ್’ ಅಂತ!

ಡಾಕ್ಟರು ಕಿಶೋರ್ ಕುಮಾರ್ ಹಾಡು ಹಾಕುವುದಕ್ಕೆ ನನ್ನ ತಕರಾರಿಲ್ಲ. ನೂರು ಸಲ ಕೇಳಿದ ಹಾಡು ಉತ್ತರ ಕೇಳುವುದಿಲ್ಲ, ಫೋನು ಕೇಳುತ್ತದೆ.

ಮರುದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಸ್ಟೀಲ್ ಟ್ರೇ ಇಟ್ಟೆ. ಎಲ್ಲರ ಫೋನೂ ಅದರಲ್ಲಿ, ನನ್ನದೂ ಸೇರಿ. ಅರ್ಜೆಂಟ್ ಇದ್ದರೆ ಹೊರಗಿನ ಕೌಂಟರಿನ ಲ್ಯಾಂಡ್‌ಲೈನ್ ಇದೆ. ಡಾಕ್ಟರು ಎರಡು ವಾರ ಮುಖ ಗಂಟಿಕ್ಕಿಕೊಂಡಿದ್ದರು. ಹೋದ ಸೋಮವಾರ ಆಪರೇಶನ್ ಮುಗಿಸಿ ಬಂದವರೇ ಟ್ರೇಯಿಂದ ಫೋನ್ ಎತ್ತಿ ನೋಡಿದರು. ಒಂಬತ್ತು ಮಿಸ್ಡ್ ಕಾಲ್. ಏಳು ಸೊಸೈಟಿಯವರದ್ದೇ. ಏನೂ ಅನ್ನದೆ ವಾಪಸ್ ಟ್ರೇಯಲ್ಲಿಟ್ಟು ಚಹಾ ಕೇಳಿದರು.