ಉಣಕಲ್ ಕೆರೆಯ ಹಾಜರಿ

ಹುಬ್ಬಳ್ಳಿಯ ವಿದ್ಯಾನಗರಕ್ಕೆ ಆ ಹೆಸರಿಟ್ಟವರು ಉಣಕಲ್ ಕೆರೆಯನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. 1947ರ ಬಿವಿಬಿ ಇಂಜಿನಿಯರಿಂಗ್ ಕಾಲೇಜು ಇಲ್ಲೇ, 1957ರ ಮೆಡಿಕಲ್ ಕಾಲೇಜು ಇಲ್ಲೇ, ಜಾಬಿನ್ ಸೈನ್ಸ್ ಕಾಲೇಜೂ ಇಲ್ಲೇ. ಇಷ್ಟು ವಿದ್ಯೆಯನ್ನು ಒಂದೇ ಕಡೆ ಸುರಿದು, ಧಾರವಾಡದ ದಿಕ್ಕಿಗೆ ಒಂದು ಕೆರೆ, ಹತ್ತಿರದಲ್ಲೇ ನೃಪತುಂಗ ಬೆಟ್ಟ ಇಟ್ಟರೆ ಹುಡುಗರು ಎತ್ತ ಹೋಗುತ್ತಾರೆ ನೀವೇ ಹೇಳಿ.

ತೊಂಬತ್ತರ ದಶಕದಲ್ಲಿ ನಾವೂ ಅತ್ತಲೇ ಹೋದೆವು. ಹೆಗಲಿಗೆ ಡ್ರಾಫ್ಟರ್, ಕಂಕುಳಲ್ಲಿ ಸುತ್ತಿದ ಡ್ರಾಯಿಂಗ್ ಶೀಟು. ಕೆರೆಯ ಏರಿ ಮೇಲೆ ಆಷಾಢದ ಗಾಳಿ ಬೀಸಿತೆಂದರೆ ಹಿಡಿದದ್ದು ಕೈಲಿ ಉಳಿಯುತ್ತಿರಲಿಲ್ಲ. ಗೆಳೆಯನೊಬ್ಬನ ಶೀಟು ಒಮ್ಮೆ ಸೀದಾ ನೀರಿಗಿಳಿಯಿತು. ಅವನು ಮರುಗಲಿಲ್ಲ. "ಹೋಗಲಿ ಬಿಡಲೇ, ಹೆಂಗೂ ಸರ್ ರಿಪೀಟ್ ಅಂತ ಬರೀತಿದ್ರು" ಅಂದ.

ಸಂಜೆ ಹಸಿವಾದರೆ ಗಿರ್ಮಿಟ್. ಗಾಡಿಯ ಕಾಕಾ ಬೋಗುಣಿಗೆ ಚುರುಮರಿ ಸುರಿದು, ಹುಣಸೆ–ಬೆಲ್ಲ ಹಾಕಿ ಕುದಿಸಿದ ಉಳ್ಳಾಗಡ್ಡಿ ಒಗ್ಗರಣೆ ಎರೆದು, ಮೇಲೆ ಪುಠಾಣಿ ಹಿಟ್ಟು ಉದುರಿಸಿ ಸರಸರ ಕಲಸುತ್ತಿದ್ದ. ಹಸಿ ಉಳ್ಳಾಗಡ್ಡಿ, ಕೊತಂಬರಿ, ಸೇವು ಬಿದ್ದ ಕೂಡಲೇ ಕಾಗದದ ಮೇಲೆ ಬರಬೇಕು. ಎರಡು ನಿಮಿಷ ತಡವಾದರೂ ಚುರುಮರಿ ಮೆತ್ತಗಾಗಿ ಕೆಲಸಕ್ಕೆ ಬಾರದು. ಯಾವ ಕ್ಲಾಸಿಗೂ ವೇಳೆಗೆ ಸರಿಯಾಗಿ ಹೋಗದ ನಾವು ಇದೊಂದಕ್ಕೆ ತಪ್ಪುತ್ತಿರಲಿಲ್ಲ. "ತಮ್ಮಾ, ಮಿರ್ಚಿ ಬಿಸಿ ಅದಾವ, ಕೊಡ್ಲ್ಯಾ?" ಅಂತ ಕಾಕಾ ಕೇಳಿದರೆ ಎಲ್ಲರೂ ಒಬ್ಬರ ಜೇಬು ಒಬ್ಬರು ನೋಡುತ್ತಿದ್ದೆವು.

ನೃಪತುಂಗ ಬೆಟ್ಟ ಪರೀಕ್ಷೆಯ ದಿನಗಳಿಗೆ ಮೀಸಲು. ಪುಸ್ತಕ ಒಯ್ಯುತ್ತಿದ್ದೆವು; ಕೂರಲು ಬೇಕಾಗುತ್ತಿತ್ತು. ಕತ್ತಲಾದಂತೆ ಕೆಳಗೆ ಊರಿನ ದೀಪ ಹತ್ತುತ್ತಿದ್ದವು. ಯಾವುದು ನಮ್ಮ ಹಾಸ್ಟೆಲಿನದು ಎಂದು ವಾದ ಶುರುವಾದರೆ ಥರ್ಮೋಡೈನಮಿಕ್ಸ್ ಅಲ್ಲಿಗೇ ಮುಗಿಯಿತು.

ಈಗ ಬಿವಿಬಿ ಬೆಳೆದು ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಆಟೋದವರಿಗೆ ಮಾತ್ರ ಅದು ಇಂದಿಗೂ ಬಿವಿಬಿಯೇ. ಮೆಡಿಕಲ್ ಕಾಲೇಜನ್ನು ಕಿಮ್ಸ್ ಅಂದರೂ ಹಿರಿಯರು "ಕೆಎಂಸಿ ಏನ್ರೀ?" ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ರಸ್ತೆಯ ನಡುವೆ ತನ್ನದೇ ದಾರಿಯಲ್ಲಿ ಚಿಗರಿ ಬಸ್ಸು ಓಡುತ್ತದೆ. ತಣ್ಣಗಿದೆ, ವೇಳೆಗೆ ಬರುತ್ತದೆ, ದೂರುವಂತಿಲ್ಲ. ರಸ್ತೆ ಅಗಲವಾಗುವಾಗ ಹೋದ ಮರಗಳ ನೆರಳಿಗೆ ಮಾತ್ರ ಎಸಿ ಸಾಟಿಯಲ್ಲ ಎಂಬುದು ನನ್ನ ತಕರಾರು. ಕೆರೆ ಈಗ ಉದ್ಯಾನ, ದೋಣಿ, ನಡುವೆ ವಿವೇಕಾನಂದರ ಮೂರ್ತಿ ಎಲ್ಲ ಕಂಡಿದೆ. ಏಳಿ, ಎದ್ದೇಳಿ ಎಂದವರ ಎದುರಿಗೇ ಹುಡುಗರು ಕಟ್ಟೆ ಬಿಟ್ಟು ಏಳುವುದಿಲ್ಲ.

ನಿಮ್ಮ ಮಗನೋ ಮಗಳೋ ವಿದ್ಯಾನಗರದಲ್ಲಿ ಓದುತ್ತಿದ್ದು, ಸಂಜೆ ಫೋನಿಗೆ "ಲೈಬ್ರರಿಯಲ್ಲಿದ್ದೇನೆ" ಅಂದರೆ, ಹಿಂದೆ ಗಾಳಿಯ ಸದ್ದು ಕೇಳಿದರೂ ಜಾಸ್ತಿ ವಿಚಾರಿಸಬೇಡಿ. ಗಿರ್ಮಿಟ್‌ಗೆ ನಾಲ್ಕು ದುಡ್ಡು ಹೆಚ್ಚಿಗೆ ಕಳಿಸಿ.